ಸಾಕೆಟ್ ಕೈಕೊಟ್ಟಾಗ: ನೆಟ್‌ಕ್ಯಾಟ್, ಎಸ್‌ಎಸ್, ಎಸ್‌ಟ್ರೇಸ್, ಟಿಸಿಪಿಡಂಪ್ – ಯಾವುದು ಯಾವುದಕ್ಕೆ?

ಸರ್ವರ್ ಉತ್ತರ ಕೊಡುತ್ತಿಲ್ಲ ಎಂಬ ದೂರು ಬಂದ ಕೂಡಲೇ ತಂಡದಲ್ಲಿ ಎರಡು ಬಣ ಹುಟ್ಟಿಕೊಳ್ಳುತ್ತವೆ. ಒಬ್ಬರು "ನೆಟ್‌ವರ್ಕ್‌ನವರನ್ನು ಕೇಳಿ" ಎಂದು ಕೈತೊಳೆದುಕೊಳ್ಳುತ್ತಾರೆ. ಇನ್ನೊಬ್ಬರು ಅಷ್ಟರಲ್ಲೇ ನೆಟ್‌ವರ್ಕ್‌ನಲ್ಲಿ ಓಡಾಡುವ ಡೇಟಾ ತುಂಡುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ತೋರಿಸುವ ವೈರ್‌ಶಾರ್ಕ್ ತೆರೆದು ಬಣ್ಣಬಣ್ಣದ ಸಾಲುಗಳನ್ನು ದಿಟ್ಟಿಸುತ್ತಾ ಕೂತಿರುತ್ತಾರೆ. ಸಾಕೆಟ್ (ನೆಟ್‌ವರ್ಕ್‌ನಲ್ಲಿ ಮಾತಾಡಲು ಪ್ರೋಗ್ರಾಂ ತೆರೆಯುವ ಕಿಂಡಿ) ಬಳಸುವ ಪ್ರೋಗ್ರಾಮಿನ ಬಹುಪಾಲು ತೊಂದರೆಗಳಿಗೆ ಪ್ಯಾಕೆಟ್ ಹಿಡಿಯುವುದು ಮೊದಲ ಹೆಜ್ಜೆಯೇ ಅಲ್ಲ ಎಂಬುದು ನನ್ನ ಹಳೆಯ ಗುಮಾನಿ. ಅದು ನಿಜವೋ ಸುಳ್ಳೋ ನೋಡಲೆಂದು ಮನೆಯಲ್ಲಿ ಎರಡು ಲಿನಕ್ಸ್ ಯಂತ್ರಗಳನ್ನು ಜೋಡಿಸಿದೆ. ಬೇಕೆಂದೇ ಕೆಡಿಸಿದ ಪುಟ್ಟ ಪೈಥಾನ್ ಸರ್ವರ್‌ಗಳನ್ನು ಬರೆದು, ಒಂದೊಂದು ದೋಷಕ್ಕೂ ನಾಲ್ಕೂ ಸಾಧನಗಳನ್ನು ಹಚ್ಚಿದೆ.

ನಾಲ್ಕೂ ನಿಂತು ನೋಡುವ ಜಾಗ ಬೇರೆಬೇರೆ. ಎಸ್‌ಟ್ರೇಸ್ ನಿಲ್ಲುವುದು ನಮ್ಮ ಪ್ರೋಗ್ರಾಮಿಗೂ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೂ ನಡುವೆ. ಪ್ರೋಗ್ರಾಂ ಏನು ಕೇಳಿತು, ಕರ್ನಲ್ ಏನು ಹೇಳಿತು ಎಂಬುದೆಲ್ಲ ಅದಕ್ಕೆ ಕೇಳಿಸುತ್ತದೆ. ಎಸ್‌ಎಸ್ ನೇರ ಕರ್ನಲ್‌ನ ಲೆಕ್ಕದ ಪುಸ್ತಕವನ್ನೇ ಓದುತ್ತದೆ: ಯಾವ ಸಾಕೆಟ್ ಯಾವ ಸ್ಥಿತಿಯಲ್ಲಿದೆ, ಕ್ಯೂನಲ್ಲಿ ಎಷ್ಟಿದೆ. ಟಿಸಿಪಿಡಂಪ್ ನೆಟ್‌ವರ್ಕ್ ಕಾರ್ಡಿನ ಬಾಗಿಲಲ್ಲಿ ಕೂತು ಹೋಗಿಬರುವ ಪ್ಯಾಕೆಟ್‌ಗಳನ್ನು ಬರೆದುಕೊಳ್ಳುತ್ತದೆ. ವೈರ್‌ಶಾರ್ಕ್ ಅದೇ ದಾಖಲೆಯನ್ನು ಓದಲು ಸುಲಭ ಮಾಡಿಕೊಡುವುದರಿಂದ ಇವೆರಡನ್ನೂ ಒಂದೇ ಎಂದು ಎಣಿಸಿದ್ದೇನೆ. ನೆಟ್‌ಕ್ಯಾಟ್ ಹೊರಗಿನಿಂದ ಬಂದು ಬಾಗಿಲು ತಟ್ಟುತ್ತದೆ, ಅಷ್ಟೇ.

ನೆಟ್‌ಕ್ಯಾಟ್ ವಿಚಾರ ಬೇಗ ಮುಗಿಸುತ್ತೇನೆ. "ಕನೆಕ್ಷನ್ ರಿಫ್ಯೂಸ್ಡ್" ಮತ್ತು "ಟೈಮ್ಡ್ ಔಟ್" ಇವೆರಡರಲ್ಲಿ ಯಾವುದು ಎಂದು ತಿಳಿಯಲು ಅದಕ್ಕಿಂತ ಚುರುಕಾದದ್ದಿಲ್ಲ. ರಿಫ್ಯೂಸ್ಡ್, ಅಂದರೆ ಲಿನಕ್ಸ್‌ನ ಎರರ್ 111 ಬಂದರೆ, ಆ ಕಡೆಯಿಂದ ಯಾರೋ "ಇಲ್ಲ" ಎಂದು ಬಾಯಿಬಿಟ್ಟು ಹೇಳಿದ್ದಾರೆ. ಸಾಮಾನ್ಯವಾಗಿ ಆ ಪೋರ್ಟಿನಲ್ಲಿ ಯಾರೂ ಕೇಳುತ್ತಿಲ್ಲ ಎಂದರ್ಥ. ಆದರೆ ಲಿನಕ್ಸ್‌ನ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ರಿಜೆಕ್ಟ್ ನಿಯಮವೂ ಇದೇ ಎರರ್ ಹುಟ್ಟಿಸಬಲ್ಲದು. ಟೈಮ್ಡ್ ಔಟ್, ಅಂದರೆ 110 ಬಂದರೆ, ಯಾರೂ ಏನೂ ಹೇಳಲಿಲ್ಲ. ಲಿನಕ್ಸ್‌ನ ಡೀಫಾಲ್ಟ್ ಹಾಗೇ ಇದ್ದರೆ ಆ ಮೌನ ಎರಡು ನಿಮಿಷಕ್ಕೂ ತುಸು ಹೆಚ್ಚು ಎಳೆಯುತ್ತದೆ. ಕನೆಕ್ಷನ್ ಕಟ್ಟದೆಯೇ ಕಳಿಸುವ ಯುಡಿಪಿಗೆ ಮಾತ್ರ ನೆಟ್‌ಕ್ಯಾಟನ್ನು ನಂಬಬೇಡಿ. ತಪ್ಪು ತಿಳಿಸುವ ಐಸಿಎಂಪಿ ಸಂದೇಶ ಬರದಿದ್ದರೆ ಸಾಕು, "ಸಕ್ಸೀಡೆಡ್" ಎಂದುಬಿಡುತ್ತದೆ. ಫೈರ್‌ವಾಲ್ ಪ್ಯಾಕೆಟನ್ನು ಸದ್ದಿಲ್ಲದೆ ನುಂಗಿದರೂ ಅದರ ಪಾಲಿಗೆ ಯಶಸ್ಸೇ.

ನಾಲ್ಕರ ನಡುವಿನ ವ್ಯತ್ಯಾಸ ಎದ್ದು ಕಂಡದ್ದು ಆಕ್ಸೆಪ್ಟ್ ಕ್ಯೂ, ಅಂದರೆ ಸರ್ವರ್ ಎತ್ತಿಕೊಳ್ಳಲೆಂದು ಕಾದಿರುವ ಕನೆಕ್ಷನ್‌ಗಳ ಸಾಲು, ತುಂಬಿಸಿದಾಗ. ಲಿಸನ್ ಕರೆಗೆ ಬ್ಯಾಕ್‌ಲಾಗ್ (ಆ ಸಾಲಿನ ಮಿತಿ) 2 ಎಂದು ಕೊಟ್ಟು, ಆಮೇಲೆ ಆಕ್ಸೆಪ್ಟ್ ಮಾಡದೆ ನಿದ್ದೆ ಹೋಗುವ ಸರ್ವರ್ ಒಂದನ್ನು ಬರೆದೆ. ನಿಜ ಜೀವನದಲ್ಲಿ ಹೀಗಾಗುವುದು ಸರ್ವರ್‌ನ ಒಂದೇ ಥ್ರೆಡ್ ಡೇಟಾಬೇಸಿಗಾಗಿ ಕಾಯುತ್ತಾ ಕೂತಾಗ. ಮೊದಲ ಮೂರು ಕ್ಲೈಂಟ್‌ಗಳಿಗೆ ನೆಟ್‌ಕ್ಯಾಟ್ ಕನೆಕ್ಟ್ ಆಯಿತು ಎಂದೇ ಹೇಳಿತು, ಸರ್ವರ್ ಪ್ರೋಗ್ರಾಂ ಅವರ ಮುಖವನ್ನೇ ನೋಡಿರಲಿಲ್ಲ. ಕನೆಕ್ಷನ್ ಕಟ್ಟುವ ಮೂರು ಹೆಜ್ಜೆಯ ಕೈಕುಲುಕಾಟವನ್ನು ಮುಗಿಸುವುದು ಕರ್ನಲ್. ಆಕ್ಸೆಪ್ಟ್ ಆಮೇಲಿನ ಮಾತು. "ಪೋರ್ಟ್ ಓಪನ್ ಇದೆ, ನಮ್ಮದೇನೂ ತಪ್ಪಿಲ್ಲ" ಎಂದು ಸ್ಕ್ರೀನ್‌ಶಾಟ್ ಕಳಿಸುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ನಾಲ್ಕನೆಯ ಕ್ಲೈಂಟಿನಿಂದ ಮುಂದೆ ಕೈಕುಲುಕಾಟ ಶುರುಮಾಡುವ ಸಿನ್ ಪ್ಯಾಕೆಟ್‌ಗೆ ಉತ್ತರವೇ ಇಲ್ಲ. ಸರ್ವರ್ ಯಂತ್ರದಲ್ಲೇ ಟಿಸಿಪಿಡಂಪ್ ಹಾಕಿದೆ. ಸಿನ್ ಬರುತ್ತದೆ, ಒಂದು ಸೆಕೆಂಡಿನ ನಂತರ ಮತ್ತೆ ಬರುತ್ತದೆ, ಪ್ರತ್ಯುತ್ತರ ಹೊರಡುವುದಿಲ್ಲ. ಅದೇ ಪೋರ್ಟಿಗೆ ಐಪಿಟೇಬಲ್ಸ್‌ನಲ್ಲಿ ಡ್ರಾಪ್ ನಿಯಮ ಹಾಕಿ ನೋಡಿದರೂ ಟಿಸಿಪಿಡಂಪ್‌ನಲ್ಲಿ ಕಂಡದ್ದು ತದ್ವತ್ ಅದೇ ಚಿತ್ರ. ಒಳಬರುವ ಪ್ಯಾಕೆಟನ್ನು ಅದು ಐಪಿಟೇಬಲ್ಸ್‌ಗಿಂತ ಮೊದಲೇ ಹಿಡಿಯುತ್ತದೆ, ಹೊರಹೋಗುವುದನ್ನು ಆ ನಿಯಮಗಳೆಲ್ಲ ಮುಗಿದ ಮೇಲೆ. ಹಾಗಾಗಿ "ಟಿಸಿಪಿಡಂಪ್‌ನಲ್ಲಿ ಸಿನ್ ಕಾಣುತ್ತಿದೆ, ಆದ್ದರಿಂದ ಫೈರ್‌ವಾಲ್ ತಡೆದಿಲ್ಲ" ಎಂಬ ವಾದ ಆ ಯಂತ್ರದ್ದೇ ಫೈರ್‌ವಾಲ್‌ಗೆ ಅನ್ವಯಿಸುವುದಿಲ್ಲ. ಒಂದು ದೋಷ ಪ್ರೋಗ್ರಾಮರನದು, ಇನ್ನೊಂದು ಸಿಸ್ಟಂ ಅಡ್ಮಿನ್‌ನದು. ಪ್ಯಾಕೆಟ್ ಹಿಡಿದವರಿಗೆ ಇವೆರಡರ ಭೇದ ಗೊತ್ತಾಗುವುದಿಲ್ಲ.

ಎಸ್‌ಎಸ್‌ಗೆ ಗೊತ್ತಾಗುತ್ತದೆ. ಲಿಸನ್ ಸ್ಥಿತಿಯ ಸಾಕೆಟ್‌ಗಳನ್ನು ಕೇಳಿದರೆ ಅದರ ರಿಸೀವ್ ಕ್ಯೂ ಕಾಲಂ ಈಗ ಎಷ್ಟು ಕನೆಕ್ಷನ್ ಆಕ್ಸೆಪ್ಟ್‌ಗೆ ಕಾದಿವೆ ಎಂದೂ, ಸೆಂಡ್ ಕ್ಯೂ ಕಾಲಂ ಮಿತಿ ಎಷ್ಟು ಎಂದೂ ತೋರಿಸುತ್ತದೆ. ನನ್ನ ಸರ್ವರ್‌ನ ಎದುರು 3 ಮತ್ತು 2 ಎಂದಿತ್ತು. ಕರ್ನಲ್ ಮಿತಿಗಿಂತ ಒಂದು ಹೆಚ್ಚು ಒಳಗೆ ಬಿಟ್ಟುಕೊಳ್ಳುವುದರಿಂದ ಎಡಗಡೆಯ ಅಂಕಿ ಬಲಗಡೆಯದನ್ನು ಒಂದರಷ್ಟು ದಾಟಿದ್ದರೆ ಕ್ಯೂ ತುಂಬಿದೆ ಎಂದೇ ಲೆಕ್ಕ. ಡ್ರಾಪ್ ನಿಯಮದ ಪ್ರಯೋಗದಲ್ಲಿ ಅದೇ ಜಾಗದಲ್ಲಿ ಸೊನ್ನೆ. ಒಂದು ಸಾಲಿನ ಆದೇಶ, ಅಲ್ಲಿಗೆ ಜಗಳ ಮುಗಿಯಿತು. ಕೋಡಿನಲ್ಲಿ ಬ್ಯಾಕ್‌ಲಾಗ್ ದೊಡ್ಡದಾಗಿ ಬರೆದ ಮಾತ್ರಕ್ಕೆ ಸಿಗುವುದಿಲ್ಲ, ಸೋಮ್ಯಾಕ್ಸ್‌ಕಾನ್ ಎಂಬ ಕರ್ನಲ್ ಮಿತಿ ಅದನ್ನು ಕತ್ತರಿಸುತ್ತದೆ. ಲಿನಕ್ಸ್ 5.4ಕ್ಕಿಂತ ಹಳೆಯ ಕರ್ನಲ್‌ಗಳಲ್ಲಿ ಅದರ ಡೀಫಾಲ್ಟ್ 128, ಆಮೇಲಿನವುಗಳಲ್ಲಿ 4096. ಎಸ್‌ಟ್ರೇಸ್ ಹಾಕಿದರೂ ಪ್ರೋಗ್ರಾಂ ನಿದ್ದೆಯ ಕರೆಯಲ್ಲೇ ಕೂತಿದೆ, ಆಕ್ಸೆಪ್ಟ್ ಕರೆಯುತ್ತಿಲ್ಲ ಎಂದು ಗೊತ್ತಾಯಿತು, ನಿಜ. ಆದರೆ ಎಲ್ಲಿ ಹುಡುಕಬೇಕು ಎಂದು ಅಷ್ಟರಲ್ಲಿ ಎಸ್‌ಎಸ್ ಹೇಳಿಯಾಗಿತ್ತು.

ಕನೆಕ್ಟ್ ಆದ ಸಾಕೆಟ್‌ಗಳಲ್ಲಿ ಅದೇ ಎರಡು ಕಾಲಂಗಳ ಅರ್ಥ ಬೇರೆ. ರಿಸೀವ್ ಕ್ಯೂ ಬೆಳೆಯುತ್ತಿದ್ದರೆ ಡೇಟಾ ನಿಮ್ಮ ಯಂತ್ರ ತಲುಪಿದೆ, ಪ್ರೋಗ್ರಾಂ ಓದುತ್ತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಂದಿಲ್ಲ. ಸೆಂಡ್ ಕ್ಯೂ ನಿಂತಲ್ಲೇ ನಿಂತಿದ್ದರೆ ಆ ಕಡೆಯಿಂದ ಎಸಿಕೆ (ತಲುಪಿತು ಎಂಬ ಉತ್ತರ) ಬರುತ್ತಿಲ್ಲ, ಇಲ್ಲವೇ ಆ ಕಡೆಯವರ ಬಫರ್ ತುಂಬಿದೆ. ನೆಟ್‌ವರ್ಕ್‌ನವರಿಗೆ ಫೋನ್ ಮಾಡುವ ಮುಂಚೆ ಈ ಎರಡು ಅಂಕಿ ನೋಡಿಕೊಳ್ಳುವುದು ಕನಿಷ್ಠ ಮರ್ಯಾದೆ.

ಕ್ಲೋಸ್ ವೇಟ್ ದೋಷದಲ್ಲೂ ಗೆದ್ದದ್ದು ಎಸ್‌ಎಸ್. ಕ್ಲೈಂಟ್ ಹೊರಟುಹೋದ ಮೇಲೂ ಸಾಕೆಟ್ ಕ್ಲೋಸ್ ಮಾಡದ ಸರ್ವರ್ ಬರೆದು ಬಿಟ್ಟೆ. ಆ ಕಡೆಯ ಫಿನ್, ಅಂದರೆ ಮುಗಿಸಿದೆ ಎಂಬ ಪ್ಯಾಕೆಟ್, ಬಂದು ಕರ್ನಲ್ ಅದಕ್ಕೆ ಎಸಿಕೆ ಕೊಟ್ಟ ಮೇಲೆ ತಂತಿಯ ಮೇಲೆ ಇನ್ನೇನೂ ಓಡಾಡುವುದಿಲ್ಲ. ಆಮೇಲೆ ಬಂದು ಟಿಸಿಪಿಡಂಪ್ ಹಾಕಿದರೆ ಖಾಲಿ ಪರದೆ. ಎಸ್‌ಎಸ್‌ನಲ್ಲಿ ಮಾತ್ರ ಕ್ಲೋಸ್ ವೇಟ್ ಸಾಲುಗಳು ಹಿಂಡುಹಿಂಡಾಗಿ, ಪ್ರೊಸೆಸ್ ಹೆಸರು, ಪಿಐಡಿ (ಪ್ರೊಸೆಸ್ ಸಂಖ್ಯೆ) ಸಮೇತ ನಿಂತಿದ್ದವು. ಈ ಸ್ಥಿತಿಗೆ ಕರ್ನಲ್‌ನಲ್ಲಿ ಗಡುವಿಲ್ಲ. ಪ್ರೋಗ್ರಾಂ ಕ್ಲೋಸ್ ಮಾಡುವವರೆಗೆ ಅಥವಾ ಸಾಯುವವರೆಗೆ ಅವು ಹಾಗೇ ಇರುತ್ತವೆ. ಕೊನೆಗೆ ಒಂದು ಪ್ರೊಸೆಸ್ ತೆರೆಯಬಹುದಾದ ಫೈಲ್‌ಗಳ, ಸಾಕೆಟ್‌ಗಳೂ ಸೇರಿ, ಮಿತಿ ಮುಗಿದು (ಹಲವು ಕಡೆ ಅದು 1024) "ಟೂ ಮೆನಿ ಓಪನ್ ಫೈಲ್ಸ್" ಬರುತ್ತದೆ. ಹೆಚ್ಚಿನವರು ಆಗ ಮಿತಿಯನ್ನೇ ಏರಿಸುತ್ತಾರೆ. ಸೋರಿಕೆ ನಿಲ್ಲುವುದಿಲ್ಲ, ಸಾಯುವ ದಿನ ಮುಂದಕ್ಕೆ ಹೋಗುತ್ತದೆ. ಕೋಡಿನ ಯಾವ ದಾರಿಯಲ್ಲಿ ಕ್ಲೋಸ್ ಬಿಟ್ಟುಹೋಗಿದೆ ಎಂದು ಹಿಡಿಯಲು ಎಸ್‌ಟ್ರೇಸ್ ಬೇಕು. ರಿಸೀವ್ ಕರೆ ಸೊನ್ನೆ (ಆ ಕಡೆಯವರು ಮುಗಿಸಿದರು ಎಂದರ್ಥ) ಮರಳಿಸಿದ ಸಾಲಿನ ನಂತರ ಅದೇ ಡಿಸ್ಕ್ರಿಪ್ಟರ್‌ಗೆ, ಅಂದರೆ ಆ ಸಾಕೆಟ್‌ನ ಸಂಖ್ಯೆಗೆ, ಕ್ಲೋಸ್ ಬಂತೇ ಎಂದು ನೋಡಿದರೆ ಸಾಕು.

"ಅಡ್ರೆಸ್ ಆಲ್ರೆಡಿ ಇನ್ ಯೂಸ್" ಎಂಬ ಎರರ್ 98ರಲ್ಲಿ ಎಸ್‌ಎಸ್ ಸಣ್ಣ ಆಟ ಆಡಿಸುತ್ತದೆ. ಲಿಸನ್ ಸಾಕೆಟ್‌ಗಳನ್ನಷ್ಟೇ ಕೇಳಿದರೆ ಆ ಪೋರ್ಟಿನಲ್ಲಿ ಯಾರೂ ಇಲ್ಲ ಎನ್ನುತ್ತದೆ. ಎಲ್ಲ ಸ್ಥಿತಿಗಳನ್ನೂ ಕೇಳಿದರೆ ಟೈಮ್ ವೇಟ್ ಸಾಲುಗಳು ಕಾಣುತ್ತವೆ, ಪ್ರೊಸೆಸ್ ಹೆಸರಿಲ್ಲದೆ. ಅವು ಯಾವ ಪ್ರೊಸೆಸ್‌ಗೂ ಸೇರಿದವಲ್ಲ, ಕರ್ನಲ್ 60 ಸೆಕೆಂಡು ಇಟ್ಟುಕೊಂಡಿರುವ ನೆನಪು. ಮೊದಲು ಕ್ಲೋಸ್ ಮಾಡಿದ ಕಡೆಗೇ ಇದು ಅಂಟಿಕೊಳ್ಳುತ್ತದೆ. ಅದೇ ವಿಳಾಸವನ್ನು ಮತ್ತೆ ಬಳಸಲು ಬಿಡುವ ಎಸ್‌ಒ ರೀಯೂಸ್ ಅಡ್ರ್ ಹಾಕಿದ್ದೇವಲ್ಲ ಎನ್ನುವವರ ಪ್ರೋಗ್ರಾಮಿಗೆ ಎಸ್‌ಟ್ರೇಸ್ ಹಾಕಿ ನೋಡಿ. ಆ ಆಯ್ಕೆಯನ್ನು ಬೈಂಡ್ (ಪೋರ್ಟ್ ಹಿಡಿಯುವ ಕರೆ) ಆದ ಮೇಲೆ ಹೊಂದಿಸಿರುವ ಕೋಡ್ ಬೇಕಾದಷ್ಟಿದೆ. ಬೈಂಡ್‌ಗೆ ಮುಂಚೆ ಹಾಕದಿದ್ದರೆ ಆ ಬೈಂಡ್‌ಗೆ ಅದರಿಂದ ಏನೂ ಉಪಯೋಗವಿಲ್ಲ.

ಎಸ್‌ಟ್ರೇಸ್‌ಗೆ ಸರಿಸಾಟಿ ಇಲ್ಲದ್ದು ಅರ್ಧ ಸಂದೇಶದ ದೋಷದಲ್ಲಿ. ಟಿಸಿಪಿಗೆ ಸಂದೇಶ ಎಂಬುದೇ ಗೊತ್ತಿಲ್ಲ, ಬೈಟ್‌ಗಳ ಹರಿವಷ್ಟೇ. ಹಾಗಿದ್ದೂ "ಒಂದು ಸೆಂಡ್‌ಗೆ ಒಂದು ರಿಸೀವ್" ಎಂದು ನಂಬಿ ಬರೆದ ಕೋಡ್ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಒಂದೇ ಯಂತ್ರದೊಳಗೆ, ಚೆನ್ನಾಗಿ ಓಡುತ್ತದೆ. ಅಲ್ಲಿ ಲೂಪ್‌ಬ್ಯಾಕ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 65536, ನಾಲ್ಕು ಸಾವಿರ ಬೈಟ್‌ಗಳ ಜೇಸನ್ ರೂಪದ ಡೇಟಾ ಒಂದೇ ಗುಕ್ಕಿಗೆ ಬರುತ್ತದೆ. ಈಥರ್ನೆಟ್‌ಗೆ ಹಾಕಿದ ಕೂಡಲೇ ಎಂಟಿಯು 1500. ಎಸ್‌ಟ್ರೇಸ್‌ನಲ್ಲಿ ರಿಸೀವ್ ಕರೆ 4096 ಕೇಳಿ 1448 ಪಡೆದದ್ದು ಕಣ್ಣಿಗೆ ರಾಚುವಂತೆ ಕಂಡಿತು: 1500ರಲ್ಲಿ ಐಪಿಗೆ 20, ಟಿಸಿಪಿಗೆ 20, ಟೈಮ್‌ಸ್ಟಾಂಪ್‌ಗೆ 12 ಕಳೆದು ಉಳಿದದ್ದು. ಜೇಸನ್ ಪಾರ್ಸರ್ ಬಿದ್ದದ್ದೂ ಅಲ್ಲೇ. ವೈರ್‌ಶಾರ್ಕ್ ಇಲ್ಲಿ ದಾರಿ ತಪ್ಪಿಸುತ್ತದೆ. ಫಾಲೋ ಟಿಸಿಪಿ ಸ್ಟ್ರೀಮ್ ಒತ್ತಿದರೆ ಇಡೀ ಜೇಸನ್ ಜೋಡಿಸಿ ಮುದ್ದಾಗಿ ತೋರಿಸುತ್ತದೆ, ನೆಟ್‌ವರ್ಕ್‌ನಲ್ಲಿ ಎಲ್ಲ ಸರಿಯಿದೆ. ಸರಿಯೇ ಇತ್ತು, ಓದುವವನು ಅರ್ಧಕ್ಕೇ ಎದ್ದುಹೋಗಿದ್ದ. ಕಳಿಸುವ ಯಂತ್ರದಲ್ಲೇ ಹಿಡಿದರೆ ತುಂಡರಿಸುವ ಕೆಲಸವನ್ನು ನೆಟ್‌ವರ್ಕ್ ಕಾರ್ಡಿಗೆ ಬಿಡುವ ಸೆಗ್ಮೆಂಟೇಶನ್ ಆಫ್‌ಲೋಡ್‌ನಿಂದ ಎಂಟಿಯುಗಿಂತ ದೊಡ್ಡ ಪ್ಯಾಕೆಟ್‌ಗಳೂ, ಚೆಕ್‌ಸಮ್ ಆಫ್‌ಲೋಡ್‌ನಿಂದ ಸುಳ್ಳು ಚೆಕ್‌ಸಮ್ ದೋಷಗಳೂ ಕಂಡು ಗೊಂದಲ ಇನ್ನಷ್ಟು.

ಎಸ್‌ಟ್ರೇಸ್ ಓದಲು ಸ್ವಲ್ಪ ಅಭ್ಯಾಸ ಬೇಕು. ಪೈಥಾನ್‌ನಲ್ಲಿ ಟೈಮ್‌ಔಟ್ ಕೊಟ್ಟಿದ್ದರೆ ಕನೆಕ್ಟ್ ಕರೆ ಮೈನಸ್ ಒಂದು, ಇನ್‌ಪ್ರೋಗ್ರೆಸ್ ಎಂದು ಮರಳುತ್ತದೆ. ಹೊಸಬರು ಇದನ್ನೇ ಎರರ್ ಎಂದು ಹಿಡಿದು ಹೊರಡುತ್ತಾರೆ. ಅದು ಕಾಯದೆ ಮರಳುವ ನಾನ್ ಬ್ಲಾಕಿಂಗ್ ಸಾಕೆಟ್‌ನ ಸಹಜ ಮಾತು. ನಿಜವಾದ ಉತ್ತರ ಮುಂದಿನ ಪೋಲ್ (ಸಾಕೆಟ್ ಸಿದ್ಧವಾಗುವವರೆಗೆ ಕಾಯುವ ಕರೆ) ಮುಗಿದ ಮೇಲೆ ಸಾಕೆಟ್‌ನ ಎಸ್‌ಒ ಎರರ್ ಕೇಳಿದಲ್ಲಿ ಇರುತ್ತದೆ.

ಹಾಗಾದರೆ ಟಿಸಿಪಿಡಂಪ್ ಯಾವುದಕ್ಕೆ? ಎರಡು ಕಡೆ ಅದು ಉಳಿದ ಮೂರನ್ನೂ ಮೀರಿಸಿತು. ಒಂದು, 40 ಮಿಲಿಸೆಕೆಂಡಿನ ಕಾಟ. ಹೆಡರ್ ಒಂದು ಸೆಂಡ್‌ನಲ್ಲಿ, ಬಾಡಿ ಇನ್ನೊಂದು ಸೆಂಡ್‌ನಲ್ಲಿ ಕಳಿಸಿ ಉತ್ತರಕ್ಕೆ ಕಾಯುವ ಕ್ಲೈಂಟ್ ಬರೆದೆ. 1984ರ ಆರ್‌ಎಫ್‌ಸಿ 896 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಜಾನ್ ನೇಗಲ್ ಸೂಚಿಸಿದ ವಿಧಾನದ ಪ್ರಕಾರ, ಹಿಂದಿನದಕ್ಕೆ ಎಸಿಕೆ ಬರುವವರೆಗೆ ಕಳಿಸುವವರು ಎರಡನೆಯ ಪುಟ್ಟ ತುಂಡನ್ನು ತಡೆದಿಡುತ್ತಾರೆ. ಪಡೆಯುವವರು ಎಸಿಕೆಯನ್ನೇ ತಡಮಾಡಿ ಕಳಿಸುತ್ತಾರೆ. ಇಬ್ಬರೂ "ನೀವು ಮೊದಲು" ಎಂದು ನಿಂತು 40 ಮಿಲಿಸೆಕೆಂಡು ಹೋಗುತ್ತದೆ. ಎಸ್‌ಟ್ರೇಸ್‌ನಲ್ಲಿ ಎರಡೂ ಸೆಂಡ್ ತಕ್ಷಣ ಮುಗಿದು, ರಿಸೀವ್ ಮಾತ್ರ ತಡವಾದಂತೆ ಕಾಣುತ್ತದೆ. ಸರ್ವರೇ ನಿಧಾನ ಎಂದು ಯಾರಾದರೂ ತೀರ್ಪು ಕೊಟ್ಟಾರು. ಟಿಸಿಪಿಡಂಪ್‌ನ ಸಮಯದ ಕಾಲಂನಲ್ಲಿ ಎರಡನೆಯ ತುಂಡು ಎಸಿಕೆ ಬಂದ ಮರುಕ್ಷಣ ಹೊರಟದ್ದು ಸ್ಪಷ್ಟ. ಕನೆಕ್ಷನ್‌ನ ಆರಂಭದಲ್ಲಿ ಲಿನಕ್ಸ್ ಎಸಿಕೆಯನ್ನು ಬೇಗ ಕಳಿಸುವುದರಿಂದ, ಒಂದೇ ಕನೆಕ್ಷನ್‌ನಲ್ಲಿ ತುಸು ಹೊತ್ತು ಮಾತಾಡಿಸಿದ ಮೇಲೇ ಈ ತಡ ಕಾಣಿಸಿಕೊಂಡಿತು. ಎರಡು ತುಂಡನ್ನು ಒಟ್ಟು ಮಾಡಿ ಒಂದೇ ಸಲ ಕಳಿಸುವುದು ಉತ್ತಮ ಪರಿಹಾರ, ನೇಗಲ್ ವಿಧಾನವನ್ನು ನಿಲ್ಲಿಸುವ ಟಿಸಿಪಿ ನೋಡಿಲೇ ಹಾಕುವುದು ಸುಲಭದ್ದು. ಗೋ ಭಾಷೆಯವರು ಎರಡನೆಯದನ್ನು ಡೀಫಾಲ್ಟ್ ಆಗಿಯೇ ಹಾಕಿಕೊಂಡಿದ್ದಾರೆ. ಅವರಿಗೆ ಈ ಕಾಟ ಅಪರೂಪ.

ಇನ್ನೊಂದು, ಎಂಟಿಯು ಕಪ್ಪುಕುಳಿ. ವಿಪಿಎನ್ ಹಾದುಹೋಗುವ ದಾರಿಯಲ್ಲಿ 'ಪ್ಯಾಕೆಟ್ ದೊಡ್ಡದಾಯಿತು' ಎಂದು ತಿಳಿಸುವ ಐಸಿಎಂಪಿ ಸಂದೇಶವನ್ನು ತಡೆದರೆ, ಕನೆಕ್ಟ್ ಆಗುತ್ತದೆ, ಸಣ್ಣ ವಿನಂತಿಗಳಿಗೆ ಉತ್ತರ ಬರುತ್ತದೆ, ದೊಡ್ಡ ಉತ್ತರ ಮಾತ್ರ ಬರುವುದೇ ಇಲ್ಲ. ಟಿಸಿಪಿಡಂಪ್‌ನಲ್ಲಿ ಅದೇ ಸೀಕ್ವೆನ್ಸ್ ನಂಬರಿನ ದೊಡ್ಡ ಪ್ಯಾಕೆಟ್ ಮತ್ತೆಮತ್ತೆ ಹೊರಡುವುದು ಕಂಡರೆ ಇದರ ಮೇಲೇ ಅನುಮಾನ ಪಡಿ. ತುಂಡರಿಸಬೇಡಿ ಎಂದು ಹೇಳಿ 1472 ಬೈಟ್‌ಗಳ ಪಿಂಗ್ ಕಳಿಸಿ ಖಚಿತಪಡಿಸಿಕೊಳ್ಳಬಹುದು. ಅದಕ್ಕೆ 28 ಬೈಟ್ ಹೆಡರ್ ಸೇರಿದರೆ ಸರಿಯಾಗಿ 1500. ಇದು ಮಾತ್ರ ನಿಜಕ್ಕೂ ನೆಟ್‌ವರ್ಕ್‌ನವರಿಗೆ ಫೋನ್ ಮಾಡಬೇಕಾದ ಕೇಸು.

ಬೆಲೆಯ ಮಾತು. ಎಸ್‌ಎಸ್‌ ಹಗುರ, ಪ್ರೊಡಕ್ಷನ್‌ನಲ್ಲೂ ಹೆದರದೆ ಓಡಿಸುತ್ತೇನೆ. ಬೇರೆಯವರ ಪ್ರೊಸೆಸ್ ಹೆಸರು ನೋಡಲು ಮಾತ್ರ ರೂಟ್ ಬೇಕು. ಎಸ್‌ಟ್ರೇಸ್ ಪ್ರತಿ ಸಿಸ್ಟಂ ಕರೆಗೂ ಪ್ರೊಸೆಸನ್ನು ನಿಲ್ಲಿಸಿ ಬಿಡುತ್ತದೆ. ಬಿಡುವಿಲ್ಲದೆ ದುಡಿಯುವ ಸರ್ವರ್‌ಗೆ ಅದನ್ನು ಅಂಟಿಸಿದರೆ ನೀವು ಹುಡುಕುತ್ತಿದ್ದ ಟೈಮ್‌ಔಟ್‌ಗಳ ಜೊತೆ ನೀವೇ ಹುಟ್ಟಿಸಿದವೂ ಸೇರುತ್ತವೆ. ನೆಟ್‌ವರ್ಕ್ ಕರೆಗಳನ್ನಷ್ಟೇ ಸೋಸಿ ತೋರಿಸು ಎಂದರೂ ನಿಧಾನ ಪೂರ್ತಿ ತಪ್ಪುವುದಿಲ್ಲ. ಕಂಟೇನರ್ ಒಳಗೆ ಈ ಯಾವ ಸಾಧನವೂ ಇರುವುದಿಲ್ಲ ಎಂಬ ಗೊಣಗಾಟ ಸಾಮಾನ್ಯ. ಎನ್‌ಎಸ್‌ಎಂಟರ್ ಬಳಸಿ ಕಂಟೇನರ್‌ನ ನೆಟ್‌ವರ್ಕ್ ನೇಮ್‌ಸ್ಪೇಸ್‌ಗೆ ಹೊಕ್ಕರೆ ಹೋಸ್ಟ್‌ನಲ್ಲಿರುವ ಎಸ್‌ಎಸ್, ಟಿಸಿಪಿಡಂಪ್ ಎರಡೂ ಅಲ್ಲಿಗೆ ಕೆಲಸ ಮಾಡುತ್ತವೆ. ಮ್ಯಾಕ್‌ನಲ್ಲಿ ಎಸ್‌ಎಸ್ ಇಲ್ಲ, ನೆಟ್‌ಸ್ಟಾಟ್‌ನಲ್ಲೇ ಸುಧಾರಿಸಿಕೊಳ್ಳಬೇಕು.

ಟಿಸಿಪಿಡಂಪ್‌ನ ಬೆಲೆ ಸಿಪಿಯುಗಿಂತ ಹೆಚ್ಚಾಗಿ ಫೈಲಿನಲ್ಲಿದೆ. ಟಿಎಲ್‌ಎಸ್ ಗೂಢಲಿಪಿ ಇಲ್ಲದ ಒಳಗಿನ ಸರ್ವಿಸ್‌ಗಳಲ್ಲಿ ಹಿಡಿದ ಪಿಕ್ಯಾಪ್ ಫೈಲಿನಲ್ಲಿ ಗ್ರಾಹಕರ ಪಾಸ್‌ವರ್ಡ್, ಟೋಕನ್ ಎಲ್ಲ ಬಿಚ್ಚಿಕೊಂಡಿರುತ್ತದೆ, ಆ ಫೈಲನ್ನು ಚಾಟ್ ಗುಂಪಿಗೆ ಎಸೆಯುವವರನ್ನು ನೋಡಿದ್ದೇನೆ. ಮೇಲಿನ ಎರಡೂ ದೋಷಗಳಿಗೆ ಹೆಡರ್ ಸಾಕು. ಪ್ರತಿ ಪ್ಯಾಕೆಟ್‌ನ ಮೊದಲ 96 ಬೈಟ್ ಮಾತ್ರ ಹಿಡಿದುಕೊಂಡರೆ ಬಹುಪಾಲು ಪೇಲೋಡ್ (ಒಳಗಿನ ಡೇಟಾ) ಹೊರಗೇ ಉಳಿಯುತ್ತದೆ. ಪೇಲೋಡ್‌ನ ಆರಂಭದ ಕೆಲವು ಬೈಟ್‌ಗಳು ಆಗಲೂ ನುಸುಳುವುದರಿಂದ, ಹಂಚುವ ಮುಂಚೆ ಒಮ್ಮೆ ತೆರೆದು ನೋಡಿಕೊಳ್ಳಿ.