ರಾತ್ರಿ ಚಿತ್ರಕ್ಕೆ ಒಂದೇ ರಾ ಫೈಲ್ ಸಾಕೇ, ಬ್ರಾಕೆಟಿಂಗ್ ಬೇಕೇ?

ರಾ ಫೈಲ್ ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ; ಬ್ರಾಕೆಟಿಂಗ್ ಅಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ (ಒಳಬಿಡುವ ಬೆಳಕಿನ ಪ್ರಮಾಣದಲ್ಲಿ) ಹಲವು ಫ್ರೇಮ್ ತೆಗೆದು ಆಮೇಲೆ ಬೆಸೆಯುವುದು. ಟ್ರೈಪಾಡ್ ಇಲ್ಲದಿದ್ದರೆ ಯೋಚನೆಯೇ ಬೇಡ, ಒಂದೇ ರಾ ಫೈಲ್ ತೆಗೆಯಿರಿ. ಜನ, ವಾಹನ, ಗಾಳಿಗೆ ಅಲುಗುವ ಎಲೆಗಳಿದ್ದರೂ ಅದೇ ವಾಸಿ; ಹಲವು ಫ್ರೇಮ್ ಬೆಸೆದಾಗ ಕಾಣುವ ದೆವ್ವದಂಥ ಜೋಡಿ ಆಕಾರಗಳ ಕಾಟವಿಲ್ಲ. ದೀಪಗಳು ಸುಟ್ಟುಹೋಗದಂತೆ ಸ್ವಲ್ಪ ಕಡಿಮೆ ಎಕ್ಸ್‌ಪೋಸ್ ಮಾಡಿ, ನೆರಳನ್ನು ಆಮೇಲೆ ಎತ್ತಬಹುದು. ಆದರೆ ತೀರಾ ಎತ್ತಿದರೆ ಕತ್ತಲಲ್ಲಿ ಬಣ್ಣಬಣ್ಣದ ಚುಕ್ಕೆಗಳು ಏಳುತ್ತವೆ.

ಬ್ರಾಕೆಟಿಂಗ್ ಗೆಲ್ಲುವುದು ಇಲ್ಲೇ. ಐಎಸ್‌ಒ 100ರಲ್ಲಿ (ಬೆಳಕಿಗೆ ಸೆನ್ಸರಿನ ಸಂವೇದನೆಯ ಮಟ್ಟ), ಅಪರ್ಚರ್ (ಲೆನ್ಸಿನ ಕಿಂಡಿ) ಮುಟ್ಟದೆ ಶಟರ್ ವೇಗವನ್ನಷ್ಟೇ ಬದಲಿಸುತ್ತ, 2 ಸ್ಟಾಪ್ (ಒಂದೊಂದು ಸ್ಟಾಪಿಗೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಅಂತರದಲ್ಲಿ 3 ಅಥವಾ 5 ಫ್ರೇಮ್ ತೆಗೆದರೆ ದೀಪದ ಗಾಜಿನ ಆಕಾರವೂ ಉಳಿಯುತ್ತದೆ, ಮೂಲೆಯ ಕಲ್ಲಿನ ಒರಟುತನವೂ ಕಾಣುತ್ತದೆ. ಕೆಡುವುದು ಬೆಸೆಯುವಾಗ. ಟೋನ್ ಮ್ಯಾಪಿಂಗ್ (ಬೆಸೆದ ಚಿತ್ರದ ಬೆಳಕು-ನೆರಳಿನ ಅಂತರ ಕುಗ್ಗಿಸುವ) ಸ್ಲೈಡರನ್ನು ಪೂರ್ತಿ ಎಳೆದರೆ ಕಟ್ಟಡದ ಅಂಚಿಗೆ ಬಿಳಿ ಪ್ರಭೆ ಮೆತ್ತಿಕೊಳ್ಳುತ್ತದೆ, ಆಕಾಶ ಬೂದಿಯಾಗುತ್ತದೆ. ರಾತ್ರಿ ಅನ್ನಿಸುವುದೇ ಇಲ್ಲ. ನನ್ನನ್ನು ಕೇಳಿದರೆ, ನಡುವಿನ ಫ್ರೇಮನ್ನೇ ಆಧಾರವಾಗಿಟ್ಟು, ಕಡಿಮೆ ಎಕ್ಸ್‌ಪೋಷರಿನ ಫ್ರೇಮಿನಿಂದ ದೀಪಗಳನ್ನಷ್ಟೇ ಮಾಸ್ಕ್ ಹಾಕಿ (ಉಳಿದ ಭಾಗ ಮರೆಮಾಡಿ) ತರುವುದು ಲೇಸು. ಸಮಯ ಹಿಡಿಯುತ್ತದೆ, ನಿಜ.

ಅಷ್ಟು ತಾಳ್ಮೆ ಇಲ್ಲವೇ? ಸೂರ್ಯ ಮುಳುಗಿ ಆಕಾಶದಲ್ಲಿ ಇನ್ನೂ ನೀಲಿ ಇರುವಾಗಲೇ ತೆಗೆಯಿರಿ. ಆಗ ದೀಪಕ್ಕೂ ಆಕಾಶಕ್ಕೂ ಬೆಳಕಿನ ಅಂತರ ಕಡಿಮೆ, ಹೆಚ್ಚಿನ ದೃಶ್ಯಗಳಿಗೆ ಒಂದೇ ಫೈಲ್ ಸಾಕಾಗುತ್ತದೆ.