ಎರಡು ವರ್ಷ ತುಳಿದ ಫ್ಲಾಟ್ ಪೆಡಲ್, ಅದಕ್ಕೆ ಒಗ್ಗಿದ ಶೂ

ಶೂವನ್ನು ಕಚ್ಚಿ ಹಿಡಿಯದ, ಚಪ್ಪಟೆಯಾದ ಈ ಅಲ್ಯೂಮಿನಿಯಮ್ ಪೆಡಲ್‌ಗಳನ್ನು ನನ್ನ ಮೌಂಟನ್ ಬೈಕಿಗೆ ಹಾಕಿ ಎರಡು ವರ್ಷವಾಯಿತು. ಅಳತೆ, ತೂಕಗಳೆಲ್ಲ ಪೆಟ್ಟಿಗೆಯ ಮೇಲೆಯೇ ಇರುವುದರಿಂದ ಅವನ್ನು ಬಿಡುತ್ತೇನೆ. ಬರೆಯಲು ಕುಳಿತದ್ದು ಪಿನ್‌ಗಳ, ಅಂದರೆ ಶೂ ಜಾರದಂತೆ ಪೆಡಲ್ ಮೇಲೆ ಮೊಳೆಗಳಂತೆ ಎದ್ದಿರುವ ತಿರುಪುಗಳ, ಮೇಲಿನ ಸಿಟ್ಟಿನಿಂದ; ಆದರೆ ನ್ಯಾಯವಾಗಿ ಹೇಳುವುದಾದರೆ ಶೂಗಳಿಂದ ಆರಂಭಿಸಬೇಕು.

ಕಾಲು ಜಾರದಿರಲು ಪಿನ್‌ಗಳು ಹೆಚ್ಚಿದ್ದರೆ ಸಾಕೆಂದು ನಂಬಿ, ಇದ್ದ ಹಣವನ್ನೆಲ್ಲ ಪೆಡಲ್‌ಗೇ ಸುರಿದು, ಮೊದಲ ನಾಲ್ಕು ತಿಂಗಳು ಓಟದ ಹಳೆಯ ಶೂಗಳಲ್ಲೇ ತುಳಿದೆ. ಅವುಗಳ ಮೆತ್ತನೆಯ ಅಟ್ಟೆ ಪೆಡಲ್ ಮೇಲೆ ಬಾಗಿ, ಕಲ್ಲಿನ ಇಳಿಜಾರಿನಲ್ಲಿ ಪಾದ ಕುಣಿಯುತ್ತಿತ್ತು. ಒಮ್ಮೆ ಕಾಲು ತಪ್ಪಿ, ತಿರುಗಿ ಬಂದ ಪೆಡಲ್ ಕಣಕಾಲಿನ ಮೇಲೆ ಸಾಲಾಗಿ ನಾಲ್ಕು ಗೀರು ಎಳೆಯಿತು. ಚಾರಣದ ಶೂಗಳೂ ಆಗಿಬರಲಿಲ್ಲ. ಅವುಗಳ ಅಟ್ಟೆಯ ಆಳವಾದ ಗುಬುಟುಗಳ ನಡುವೆ ಒಂದು ಪಿನ್ ಬಿದ್ದರೆ ಇನ್ನೊಂದು ಗುಬುಟಿನ ಮೇಲೆಯೇ ಉಳಿಯುತ್ತದೆ, ಹಾಗಾಗಿ ಪಾದ ನೆಲೆಯಾಗಿ ಕೂರುವುದಿಲ್ಲ.

ಫ್ಲಾಟ್ ಪೆಡಲ್‌ಗೆಂದೇ ಮಾಡಿದ ಶೂಗಳ ಅಟ್ಟೆ ಬಹುಮಟ್ಟಿಗೆ ಚಪ್ಪಟೆ, ಒಳಗೆ ಗಡುಸು, ಹೊರಗೆ ಅಂಟುವ ರಬ್ಬರು. ಈ ರಬ್ಬರಿನ ಮೂಲ ಬಂಡೆ ಹತ್ತುವವರ ಶೂಗಳಲ್ಲಿದೆ. ಇಂಥ ಪೆಡಲ್ ಶೂಗಳಿಗೆ ಹೆಸರಾದ, 1985ರಲ್ಲಿ ಆರಂಭವಾದ ಫೈವ್ ಟೆನ್ ಕೂಡ ಮೊದಲು ಅವರಿಗಾಗಿಯೇ ಶೂ ಮಾಡುತ್ತಿದ್ದ ಕಂಪನಿ. ನನ್ನದು ಬೇರೆ ತಯಾರಕರದು, ಆದರೆ ಅದೇ ಜಾತಿಯದು. ಮೊದಲ ದಿನವೇ ಹಿಮ್ಮಡಿ ಇಳಿಸಿ ನಿಂತು ಇಳಿಜಾರಿಗೆ ಬಿಟ್ಟಾಗ ಪಾದ ಕದಲಲಿಲ್ಲ. ವಕ್ರವಾಗಿ ಇಟ್ಟ ಪಾದವೂ ಹಾಗೆಯೇ ವಕ್ರವಾಗಿ ಅಂಟಿಕೊಂಡಿತೆಂಬುದು ಬೇರೆ ಮಾತು: ಪಾದವನ್ನು ಸರಿಸುವಂತಿಲ್ಲ, ಪೂರ್ತಿ ಎತ್ತಿಯೇ ಇಡಬೇಕು. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವಂತಿದ್ದರೆ ಶೂ ಕೊಳ್ಳಿರಿ. ಉಕ್ಕಿನ ಪಿನ್‌ಗಳಿರುವ ಸಾಧಾರಣ ನೈಲಾನ್ ಪೆಡಲ್ ಅದಕ್ಕೆ ಸಾಕು.

ಸವಾರಿ ಮುಗಿದ ಮೇಲಿನ ಕೆಲಸವೂ ನನಗೆ ಪ್ರಿಯ. ಶೂಗಳ ಒಳ ಅಟ್ಟೆ ತೆಗೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ತುರುಕಿ ನೆರಳಿನಲ್ಲಿಡುತ್ತೇನೆ. ಬಿಸಿ ತಾಗಿಸಿದರೆ ಅಟ್ಟೆಯ ಅಂಟು ಬಿಟ್ಟುಕೊಳ್ಳುತ್ತದೆ. ಆಮೇಲೆ ಬೆರಳಿನಿಂದ ಪೆಡಲ್ ತಿರುಗಿಸಿ, ಬೇರಿಂಗ್ ಕರಕರ ಎನ್ನುತ್ತಿದೆಯೇ ಎಂದು ಕಿವಿಗೊಡುತ್ತೇನೆ. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಬದಲಿಸುತ್ತೇನೆ, ಎಡ ಪೆಡಲ್‌ನ ಥ್ರೆಡ್ ತಿರುವುಮುರುವು ಎಂಬುದನ್ನು ಪ್ರತಿ ಸಲವೂ ಮರೆತು, ಒಂದೆರಡು ನಿಮಿಷ ಅದನ್ನು ಇನ್ನಷ್ಟು ಬಿಗಿ ಮಾಡಿಯೇ.

ಈ ಕೆಲಸದಲ್ಲೇ ಪಿನ್‌ಗಳ ದೋಷ ಗೊತ್ತಾದದ್ದು. ಇವನ್ನು ಮೇಲಿನಿಂದ ತಿರುಪುತ್ತಾರೆ. ಅಲೆನ್ ಕೀ ಹೋಗುವ ಆರು ಮೂಲೆಯ ಗುಳಿ ಪಿನ್‌ನ ತುದಿಯಲ್ಲೇ ಇದೆ, ಬಂಡೆಗೆ ಮೊದಲು ತಗಲುವುದೂ ಅದೇ ತುದಿ. ನಾಲ್ಕಾರು ಪೆಟ್ಟು ಬಿದ್ದರೆ ಗುಳಿ ದುಂಡಗಾಗುತ್ತದೆ, ಸೂಜಿಯಿಂದ ಮಣ್ಣು ಕೆದಕಿ ತೆಗೆದರೂ ಕೀ ಹಿಡಿಯುವುದಿಲ್ಲ. ಪಿನ್‌ಗಳನ್ನು ಹಿಂಬದಿಯಿಂದ ತೂರಿಸುವ ಪೆಡಲ್‌ಗಳಲ್ಲಿ ತುದಿ ಜಜ್ಜಿದರೂ ಗುಳಿ ಒಳಗೆ ಸುರಕ್ಷಿತವಾಗಿರುತ್ತದೆ. ಕೊಳ್ಳುವಾಗ ಪೆಡಲ್ ಮಗುಚಿ ನೋಡಿದ್ದರೆ ಇಷ್ಟು ತಿಳಿಯುತ್ತಿತ್ತು. ನಾನು ಬಣ್ಣ ನೋಡಿದೆ.

ಅಂಗಾಲಿನ ಕೆಳಗೆ ಸ್ವಲ್ಪ ತಗ್ಗು ಬೇಕೆನಿಸಿ ನಡುವಿನ ಪಿನ್‌ಗಳ ಅಡಿಯ ವಾಷರ್ ತೆಗೆದು ಗಿಡ್ಡ ಮಾಡಲು ಹೊರಟೆ. ಬಲ ಪೆಡಲ್‌ನಲ್ಲಿ ಅದು ಹತ್ತು ನಿಮಿಷದ ಕೆಲಸವಾಯಿತು, ಪಾದ ಬಟ್ಟಲಲ್ಲಿ ಕುಳಿತಂತೆ ಹಿತವಾಯಿತು. ಎಡ ಪೆಡಲ್‌ನಲ್ಲಿ ಮೂರು ಪಿನ್‌ಗಳು ಇಕ್ಕಳಕ್ಕೂ ಜಗ್ಗಲಿಲ್ಲ. ಆರು ತಿಂಗಳಿಂದ ನನ್ನ ಎರಡು ಕಾಲುಗಳು ಎರಡು ಬೇರೆ ಪೆಡಲ್ ತುಳಿಯುತ್ತಿವೆ. ಶೂಗಳ ಅಟ್ಟೆಯಲ್ಲಿಯೂ ಅದು ಕಾಣುತ್ತದೆ: ಬಲಗಡೆ ಅಂಚಿನಲ್ಲಿ ಮಾತ್ರ ಕುಳಿಗಳು, ಎಡಗಡೆ ನಡುವೆಯೂ ಮೂರು.