ಫಾಂಟ್‌ಫೋರ್ಜ್: ದಪ್ಪ ಅಕ್ಷರ ಮಾಡಾಕ ಹೋದ್ರ ಧಾರವಾಡ ಹೋಗಿ ದಾರವಾಡ ಆತು

ಗದಗಿನ್ಯಾಗ ಪ್ರಿಂಟಿಂಗ್ ಪ್ರೆಸ್ ಒಂದ್ರಾಗ ಡಿಟಿಪಿ ಮಾಡ್ತೀನ್ರಿ. ಜಾತ್ರಿ ಹ್ಯಾಂಡ್‌ಬಿಲ್, ಮದುವಿ ಕಾರ್ಡ್, ಬ್ಯಾನರ್, ಎಲ್ಲಾದಕ್ಕೂ ಅವ ನಾಕು ಫಾಂಟ್ ಹಾಕಿ ಹಾಕಿ ಬ್ಯಾಸರಾಗಿ, ನಂದ ಒಂದು ಮಾಡೇಬಿಡೂಣು ಅಂತ ಫಾಂಟ್‌ಫೋರ್ಜ್ ಅನ್ನೋ ಫಾಂಟ್ ಮಾಡೋ ಸಾಫ್ಟ್‌ವೇರ್ ಇಳಿಸ್ಕೊಂಡೆ. ಫ್ರೀ ಐತಿ, ವಿಂಡೋಸ್‌ನ್ಯಾಗ ನಡೀತೈತಿ. ಇಂಥದ್ದ ಇನ್ನೊಂದು ಸಾಫ್ಟ್‌ವೇರ್ ಗ್ಲಿಫ್ಸ್ ಛಲೋ ಅಂತಾರ, ಆದ್ರ ಅದಕ್ಕ ಮ್ಯಾಕ್ ಕಂಪ್ಯೂಟರ್ ಬೇಕು, ನಮ್ಮಂಥವ್ರ ಕಡೆ ಎಲ್ಲಿಂದ ಬರಬೇಕು. ಫಾಂಟ್‌ಫೋರ್ಜ್ 2000ದಾಗ ಪಿಎಫ್ಎ ಎಡಿಟ್ ಅನ್ನೋ ಹೆಸರಿಲೆ ಹುಟ್ಟಿದ್ದು, ಮಾರಿ ಇನ್ನೂ ಆಗಿನ ಕಾಲದ್ದ ಕಾಣ್ತೈತಿ, ಮೊದಲನೇ ವಾರ ಯಾವ ವಿಂಡೋ ಎಲ್ಲಿ ಹೋತು ಅಂತ ಹುಡುಕೂದ ಆತು.

ಬ್ಯಾನರ್‌ಗಲ್ಲೇನ್ರಿ, ಸೆರಿಫ್ ಗಿರಿಫ್ (ಗೆರಿ ತುದಿಗಿರೋ ಸಣ್ಣ ಚಾಚು) ಇಲ್ಲದ ಭಾಳ ದಪ್ಪಂದು ಮಾಡೋದು ಸಲೀಸು ಅನ್ಕೊಂಡಿದ್ದೆ, ತೆಳ್ಳಗ ಬರದು 'ಚೇಂಜ್ ವೇಟ್' ಒತ್ತಿದ್ರ ಮುಗೀತು. ಒತ್ತಿದೆ. 'ಣ' ಒಳಗಿನ ಸಂದಿ ಮುಚ್ಚಿತು, 'ಈ' ಮಸಿ ಚೆಲ್ಲಿದಂಗ ಆತು, 'ಥ' ಹೊಟ್ಟ್ಯಾಗಿನ ಚುಕ್ಕಿ ಮಾಯ. 'ಧ' ಕೆಳಗಿನ ಸಣ್ಣ ಗೀಟು ದಪ್ಪ ಗೆರಿಯೊಳಗ ಕರಗಿ, 12 ಪಾಯಿಂಟ್‌ನ್ಯಾಗ ಪ್ರಿಂಟ್ ತಗದ್ರ ಧಾರವಾಡ ಹೋಗಿ ದಾರವಾಡ! ಮಾಲಕ್ರು ನೋಡಿ ನಕ್ಕಿದ್ದ ನಕ್ಕಿದ್ದು. ಹಂಗಾಗಿ ಒಳಗಿನ ಬಿಳಿ ಜಾಗ ಮೊದಲ ಹಿಡದು, ಆಮ್ಯಾಲೆ ಕರಿ ತುಂಬಾಕ ಕಲತೆ. ಅಡ್ಡ ಗೆರಿ ಉದ್ದ ಗೆರಿ ಎರಡೂ 160 ಯೂನಿಟ್ ಇಟ್ರ ಅಡ್ಡಂದ ದಪ್ಪ ಕಾಣ್ತೈತಿ, ಅದನ್ನ 140ಕ್ಕ ಇಳಿಸಿದ ಮ್ಯಾಲೆ ಕಣ್ಣಿಗೆ ಸಮ ಆತು. ಒತ್ತಕ್ಷರ ಇನ್ನೂ ತೆಳ್ಳಗ ಮಾಡಬೇಕು, ಇಲ್ಲಾಂದ್ರ ಕೆಳಗಿನ ಸಾಲಿಗೆ ಹೋಗಿ ಬಡೀತಾವ.

ಒಂದು ದಿನ ಎಲ್ಲಾ ಅಕ್ಷರದ ತೂತು ತುಂಬಿ ಕರ್ರಗ ಬಂದ್ವು, ಸಾಫ್ಟ್‌ವೇರ್ ಕೆಟ್ಟೈತಿ ಅಂತ ಬೈದೆ, ನೋಡಿದ್ರ ಒಳಗಿನ ಪಾತ್ (ಅಕ್ಷರದ ಅಂಚಿನ ಗೆರಿ) ಹೊರಗಿನ ಪಾತ್ ದಿಕ್ಕಿಗೇ ಸುತ್ತೈತಿ, ಎದುರು ದಿಕ್ಕಿಗೆ ಸುತ್ತಿದ್ರನ ತೂತು ಉಳೀತೈತಿ, ತಪ್ಪು ನಂದ. 'ಕರೆಕ್ಟ್ ಡೈರೆಕ್ಷನ್' ಒತ್ತಿದೆ, ಸರಿ ಹೋತು.

ಬಿಡಿ ಅಕ್ಷರ ಬರೆಯೋ ಮಟ್ಟಕ್ಕ ಅಡ್ಡಿಯಿಲ್ಲ. 'ಕ್ಷ' 'ಜ್ಞ' ಕೂಡಸಾಕ, ಒತ್ತು ಕೆಳಗ ಕೂಡ್ರಸಾಕ ಓಪನ್‌ಟೈಪ್ ಲುಕಪ್, ಅಂದ್ರ ಯಾವ ಅಕ್ಷರ ಕೂಡಿದ್ರ ಯಾವ ರೂಪ ಬರಬೇಕು ಅನ್ನೋ ನಿಯಮ, ಬರೀಬೇಕಲ್ಲ, ಅಲ್ಲೇ ತಲಿ ಕೆಡೋದು. ಹಳೇ ನುಡಿ ಫಾಂಟಿನ್ಯಾಗ ಅಕ್ಷರದ ತುಂಡು ಜೋಡಿಸಿ ರೂಢಿ ಆದವ್ರಿಗೆ ಇದು ಬ್ಯಾರೇ ಲೋಕನ. ಇಂಥ ನಿಯಮದ ಒಂದು ಗುಂಪಿನ (ಫೀಚರ್) ಹೆಸರು 'ಅಖಂಡ್' ಅಂತ, ನಮ್ಮ ಅಖಂಡನ ಅದು, ಅದೊಂದ ನೋಡಿ ಖುಷಿ ಆತು.

ಐದಕ್ಕ ನಾಕು ಸ್ಟಾರ್ ಕೊಡ್ತೀನಿ, ಒಂದು ಲುಕಪ್ ವಿಂಡೋ ಸಲುವಾಗಿ ಕಟ್. 'ಧ' ಮಾತ್ರ ಈಗ ಮೂರನೇ ಸರ್ತಿ ತಿದ್ದಾಕತ್ತೀನ್ರಿ.